ಓಡುತ್ತಿರುವ ತಂತ್ರಾಂಶವನ್ನು ಬದಲಿಸುವ ಬಗೆ



ಗಣಕಯಂತ್ರವನ್ನು ನಿಲ್ಲಿಸದೆ, ಅದರಲ್ಲಿ ಓಡುತ್ತಿರುವ ತಂತ್ರಾಂಶವನ್ನು ಬದಲಿಸುವುದೆಂತು? ಲಿನಕ್ಸಿನಲ್ಲಿ ಕಡತ ಬೇರೆ, ಕಡತದ ಹೆಸರು ಬೇರೆ. ಪ್ರತಿ ಕಡತಕ್ಕೂ ಐನೋಡ್ ಎಂಬ ದಾಖಲೆಯುಂಟು. ಹೆಸರು ಅದರತ್ತ ಕೈ ತೋರುವ ಫಲಕವಷ್ಟೆ. ಹೊಸ ಆವೃತ್ತಿ ಬಂದಾಗ ಹಳೆಯದನ್ನು ತಿದ್ದುವುದಿಲ್ಲ. ಹೊಸದನ್ನು ಪಕ್ಕದಲ್ಲಿ ಬರೆದಿಟ್ಟು, ಫಲಕವನ್ನು ಒಂದೇ ಸಲಕ್ಕೆ ಅತ್ತ ತಿರುಗಿಸುತ್ತಾರೆ. ಹಳೆಯ ಕಡತ ಹೆಸರು ಕಳೆದುಕೊಂಡರೂ, ಅದನ್ನು ಹಿಡಿದಿರುವ ಕೊನೆಯ ಪ್ರೋಗ್ರಾಂ ಕೈಬಿಡುವವರೆಗೆ ಡಿಸ್ಕಿನಿಂದ ಅಳಿಯದು. (ವಿಂಡೋಸ್ ಸಾಮಾನ್ಯವಾಗಿ ಇದಕ್ಕೆ ಎಡೆಗೊಡದು, ಅದು ಮತ್ತೆ ಮತ್ತೆ ರೀಸ್ಟಾರ್ಟ್ ಕೇಳುವುದಕ್ಕೆ ಇದೂ ಒಂದು ಕಾರಣ.)

ಅಪಾಯವಿರುವುದೂ ಈ ಸೌಕರ್ಯದಲ್ಲೇ. 2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಸರ್ವರಿನ ಮೆಮೊರಿಯಿಂದ ಪಾಸ್‌ವರ್ಡುಗಳನ್ನೂ ರಹಸ್ಯ ಕೀಲಿಗಳನ್ನೂ ಹೊರಕ್ಕೆ ಸೋರಿಸಬಲ್ಲ ದೋಷವದು. ತಿದ್ದಿದ ಆವೃತ್ತಿ ಅಂದೇ ಹೊರಬಂದಿತು. ಆದರೆ ಅದನ್ನು ತಂದು ಹಾಕಿದ ಮಾತ್ರಕ್ಕೆ ಸೋರಿಕೆ ನಿಲ್ಲುತ್ತಿರಲಿಲ್ಲ. ಮೊದಲೇ ಓಡುತ್ತಿದ್ದ ಸರ್ವರ್ ಪ್ರೋಗ್ರಾಂ ಹಳೆಯ ಪ್ರತಿಯನ್ನೇ ಹಿಡಿದು ಕುಳಿತಿರುತ್ತಿತ್ತು. ಡಿಸ್ಕನ್ನು ನೋಡಿದವರಿಗೆ ಎಲ್ಲವೂ ಸರಿಯಾಗಿದ್ದಂತೆಯೇ ಕಾಣುತ್ತಿತ್ತು! ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಹೊರಡಿಸಲೇಬೇಕಾಗಿತ್ತು.

ಹಳೆಯ ಪ್ರತಿ ಇನ್ನೂ ಯಾವ ಪ್ರೋಗ್ರಾಮಿನ ಕೈಯಲ್ಲಿದೆಯೆಂಬುದನ್ನು ‘ಎಲ್‌ಸಾಫ್’ ಎಂಬ ಆಜ್ಞೆ ತೋರಿಸಿಕೊಡುತ್ತದೆ. ನಮ್ಮಲ್ಲಿ ಸರ್ವರುಗಳ ಉಸ್ತುವಾರಿ ಹೊತ್ತ ತರುಣ ತರುಣಿಯರು, ಅಪ್‌ಡೇಟ್ ಮುಗಿದ ಮೇಲೆ ಮನೆಗೆ ಹೊರಡುವ ಮುನ್ನ, ಅದನ್ನೊಮ್ಮೆ ನೋಡುವುದು ಒಳ್ಳೆಯದು.