ಅಳದ ಮಗುವಿಗೂ ನೋವಾಗುತ್ತದೆ

ಕೇಳುಗರೇ, ನಿಮ್ಮ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಆತಂಕ ಇದು: "ಸಿಸ್ಟರ್‌ಗಳು ಈಗ ಮೊಬೈಲ್‌ನಲ್ಲೇ ತರಬೇತಿ ಮುಗಿಸುತ್ತಾರಂತೆ. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ (ಎಸ್‌ಎನ್‌ಸಿಯು) ಇರುವ ನಮ್ಮ ಕೂಸಿನ ನೋವು ಅವರಿಗೆ ಹೇಗೆ ತಿಳಿದೀತು?"

ಬೇರೆ ವಿಷಯ ಹೇಗೋ ಏನೋ, ನೋವನ್ನು ಗುರುತಿಸುವುದಕ್ಕೆ ಮಾತ್ರ ವಿಡಿಯೊ ಒಳ್ಳೆಯ ಮೇಷ್ಟ್ರು. ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆಯುವಾಗ ಸಿಸ್ಟರ್ ಕಣ್ಣೆಲ್ಲ ಆ ಹನಿಯ ಮೇಲಿರುತ್ತದೆ. ಅಷ್ಟರಲ್ಲಿ ಮಗುವಿನ ಹುಬ್ಬುಗಳ ನಡುವೆ ಉಬ್ಬು ಮೂಡಿ, ಕಣ್ಣು ಬಿಗಿದುಕೊಂಡು, ಮೂಗಿನ ಪಕ್ಕ ಗೆರೆ ಬಿದ್ದು ಮಾಯವಾಗಿರುತ್ತದೆ. ವಿಡಿಯೊವನ್ನು ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು. ನಿಪ್ಸ್ ಎಂಬ ಅಳತೆಯಲ್ಲಿ ಮುಖ, ಅಳು, ಉಸಿರು, ಕೈ, ಕಾಲು, ಎಚ್ಚರ ಇಷ್ಟಕ್ಕೂ ಅಂಕ ಸೇರಿ ಒಟ್ಟು 7. ನನ್ನ ತರಬೇತಿಗಳಲ್ಲಿ ಒಂದೇ ದೃಶ್ಯಕ್ಕೆ ಒಬ್ಬರು 2 ಕೊಟ್ಟರೆ ಪಕ್ಕದವರು 6 ಕೊಡುವುದುಂಟು. ಕಲಿಕೆ ಶುರುವಾಗುವುದೇ ಆ ವಾದದಿಂದ.

ಕಡಿಮೆ ಕೊಟ್ಟವರ ಸಮರ್ಥನೆ ಸಾಮಾನ್ಯವಾಗಿ ಒಂದೇ: "ಮಗು ಅಳಲೇ ಇಲ್ವಲ್ಲ ಮೇಡಂ!"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ನೋವನ್ನು ಮಿದುಳಿಗೆ ಒಯ್ಯುವ ನರಗಳು ಆಗಲೇ ಕೆಲಸ ಮಾಡುತ್ತಿರುತ್ತವೆ. ಮಿದುಳಿನಿಂದ ಕೆಳಗಿಳಿದು ಆ ನೋವನ್ನು ತಗ್ಗಿಸುವ ವ್ಯವಸ್ಥೆ ಮಾತ್ರ ಇನ್ನೂ ಬಲಿತಿರುವುದಿಲ್ಲ. ಗಾಡಿ ಓಡುತ್ತಿದೆ, ಬ್ರೇಕ್ ಇಲ್ಲ. ಮತ್ತೆ ಹೇಳುತ್ತೇನೆ: ಆ ಮಗುವಿಗೆ ಕಡಿಮೆಯಿರುವುದು ಅಳುವ ತ್ರಾಣ. ನೋವು ಕಡಿಮೆಯಿಲ್ಲ. ಕೆಲವು ಕೂಸುಗಳು ಸುಸ್ತಾಗಿ ಕೈಕಾಲು ಚೆಲ್ಲಿ ಸುಮ್ಮನಾಗುತ್ತವೆ, ನಾವು "ಪಾಪ, ಮಲಗಿದೆ" ಅನ್ನುತ್ತೇವೆ. ಪಿಪ್ ಎಂಬ ಇನ್ನೊಂದು ಅಳತೆಯಲ್ಲಿ 28 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ 3 ಅಂಕ ಸೇರಿಸುವುದು ಇದಕ್ಕಾಗಿಯೇ.

"ಎಳೆಗೂಸು, ನೋವು ಗೊತ್ತಾಗಲ್ಲ" ಎಂಬ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇದೇ ನಂಬಿಕೆಯಿಂದ 1980ರ ದಶಕದವರೆಗೂ ದೊಡ್ಡ ದೇಶಗಳಲ್ಲೇ ನವಜಾತ ಶಿಶುಗಳಿಗೆ ಸರಿಯಾದ ಅರಿವಳಿಕೆ ಕೊಡದೆ ಆಪರೇಷನ್ ಮಾಡಿದ್ದುಂಟು. ಭಾರತದಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕನ್ವಲ್‌ಜೀತ್ ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೆಂಟನಿಲ್ ಎಂಬ ನೋವುನಿವಾರಕ ಪಡೆದ ಅವಧಿಪೂರ್ವ ಶಿಶುಗಳು ಆಪರೇಷನ್ನಿನ ಆಘಾತವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು. ಆಮೇಲೂ ನಾವು ವಾರ್ಡಿನಲ್ಲಿ ಅದೇ ಹಳೆಯ ಮಾತಾಡಬೇಕೆ?

ವಿಡಿಯೊ ಒಳ್ಳೆಯ ಮೇಷ್ಟ್ರು ಎಂದ ಮಾತ್ರಕ್ಕೆ ಮೊಬೈಲ್‌ಗೆ ಬಂದ ಸರ್ಟಿಫಿಕೇಟೇ ಸಾಲದು. ಹಿರಿಯರೊಬ್ಬರು ತೊಟ್ಟಿಲ ಪಕ್ಕ ನಿಂತು ತಾವೂ ಅಂಕ ಹಾಕಿ ಹೋಲಿಸಬೇಕು. ಅಂಕ ಬರೆದು ಏನೂ ಮಾಡದಿದ್ದರೆ ಶಾಯಿ ದಂಡ.

ಸಮಯವಾಯಿತು, ಪರಿಹಾರ ಚುಟುಕಾಗಿ ಹೇಳಿಬಿಡುತ್ತೇನೆ. ಸಂಶೋಧಕಿ ಡೆನಿಸ್ ಹ್ಯಾರಿಸನ್ ತಂಡದ ವಿಡಿಯೊಗಳು ಯೂಟ್ಯೂಬ್‌ನಲ್ಲಿವೆ, ಸಿಸ್ಟರ್‌ಗಳು ನೋಡಿ. ತಾಯಿ ಹಾಲೂಡಿಸುತ್ತಿರುವಾಗಲೇ ರಕ್ತ ತೆಗೆಯುವುದು ಅಲ್ಲಿದೆ. ಹಾಲು ಕುಡಿಯಲಾಗದ ಕೂಸನ್ನು ಬರಿಮೈಗೆ ಒತ್ತಿ ಹಿಡಿದರೂ ನೋವು ತಗ್ಗುತ್ತದೆ. ನೋವು ತಗ್ಗಿಸಲು ಸಕ್ಕರೆ ದ್ರಾವಣ ಕೊಡುವುದು ಡಾಕ್ಟರು ಹೇಳಿದರೆ ಮಾತ್ರ, ಮನೆಯಲ್ಲಿ ಬೇಡ. ತಾಯಂದಿರೇ, ಚುಚ್ಚುವ ಮೊದಲು "ಮಗುವನ್ನು ಎದೆಗೆ ಹಾಕಿಕೊಳ್ಳಲೇ ಸಿಸ್ಟರ್?" ಎಂದು ಸಂಕೋಚವಿಲ್ಲದೆ ಕೇಳಿ. ಲಸಿಕೆಯ ದಿನವೂ ಹೀಗೆ ಹಾಲೂಡಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.