ತೊಗಲಿನ ಮೇಲೆ ಬರೆದ ಕಲೆ

ಮನುಷ್ಯನ ಮೈಯನ್ನೇ ಚಿತ್ರದ ನೆಲೆ ಮಾಡಿಕೊಳ್ಳುವ ಕಲೆಗೆ ಇಂದು ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ಮರ್ಯಾದೆ ಇದೆ. 1960ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಈವ್ ಕ್ಲೈನ್ ಎಂಬ ಕಲಾವಿದ ರೂಪದರ್ಶಿಯರ ಮೈಗೆ ನೀಲಿ ಬಣ್ಣ ಹಚ್ಚಿಸಿ, ಅವರ ಮೈಯಿಂದಲೇ ಕಾಗದದ ಮೇಲೆ ಅಚ್ಚು ಒತ್ತಿಸಿದ. ಆಹ್ವಾನಿತರು ಕುರ್ಚಿಯಲ್ಲಿ ಕುಳಿತು ನೋಡಿದರು. ಆಸ್ಟ್ರಿಯಾದಲ್ಲಿ 1998ರಿಂದ ಮೈಬಣ್ಣದ್ದೇ ಒಂದು ಅಂತರರಾಷ್ಟ್ರೀಯ ಉತ್ಸವ ನಡೆಯುತ್ತ ಬಂದಿದೆ. ಸಮಕಾಲೀನ ಕಲೆಯ ಚರಿತ್ರೆಯಲ್ಲಿ ಮೈಬಣ್ಣದ ಮಾತು ಬಂದಾಗ ಇಂಥ ಹೆಸರುಗಳೇ ಮೊದಲು ಕೇಳಿಸುತ್ತವೆ. ಆದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ನಿಂತು ನೋಡಿದರೆ ಈ ಚರಿತ್ರೆಯ ಮೊದಲ ಪುಟ ಬಹಳ ಹಿಂದಕ್ಕೆ ಹೋಗುತ್ತದೆ. ನನ್ನ ವಾದ ಇಷ್ಟು: ಈ ಕಲೆಯಲ್ಲಿ ಬಣ್ಣವೂ ಹಳೆಯದು, ಕೈಚಳಕವೂ ಹಳೆಯದು. ನಮ್ಮ ಕಾಲ ಹೊಸದಾಗಿ ಕೇಳಿರುವ ಪ್ರಶ್ನೆಗಳು ಎರಡು. ಬರೆದವರ ಹೆಸರೇನು? ಬರೆಸಿಕೊಂಡ ಮೈ ಯಾರ ಮಾತು ಕೇಳಬೇಕು?

ಶಾಸ್ತ್ರಗ್ರಂಥಗಳಿಂದಲೇ ಆರಂಭಿಸೋಣ. ಭರತನ ನಾಟ್ಯಶಾಸ್ತ್ರ ಆಹಾರ್ಯಾಭಿನಯವನ್ನು, ಅಂದರೆ ವೇಷಭೂಷಣದ ಅಭಿನಯವನ್ನು, ವಿವರಿಸುವಾಗ ನಟನ ಮೈಗೆ ಬಣ್ಣ ಹಚ್ಚುವುದನ್ನು ಅಂಗರಚನೆ ಎಂದು ಪ್ರತ್ಯೇಕವಾಗಿ ಎಣಿಸುತ್ತದೆ. ಬಿಳಿ, ನೀಲಿ, ಹಳದಿ, ಕೆಂಪು ಈ ನಾಲ್ಕು ಮೂಲವರ್ಣಗಳು. ಹಳದಿಗೆ ನೀಲಿ ಬೆರೆತರೆ ಹಸಿರು, ಬಿಳಿಗೆ ಕೆಂಪು ಬೆರೆತರೆ ಕಮಲದ ಬಣ್ಣ, ಹೀಗೆ ಮಿಶ್ರಣದ ಲೆಕ್ಕವನ್ನೂ ಕೊಡುತ್ತದೆ. ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಸಾಕ್ಷಿ ಎಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ. ಆತ 1127ರಿಂದ 1138ರವರೆಗೆ ಆಳಿದವನು. ಆ ಗ್ರಂಥದ ಮೂರನೆಯ ವಿಂಶತಿಯಲ್ಲಿ, ಅಂದರೆ ಮೂರನೆಯ ಭಾಗದಲ್ಲಿ, ಅರಮನೆಯ ಗೋಡೆಗೆ ಚಿತ್ರ ಬರೆಯುವ ವಿಧಾನವೂ ಇದೆ, ಮೈಗೆ ಗಂಧಲೇಪನ ಮಾಡುವ ವಿಧಾನವೂ ಇದೆ. ಗೋಡೆ ಮೇಲು, ಮೈ ಕೀಳು ಎಂಬ ಭೇದ ಆ ದೊರೆಗೆ ಹೊಳೆದಂತೆ ಕಾಣುವುದಿಲ್ಲ. ಎರಡನ್ನೂ ಅವನು ಉಪಭೋಗ ಎಂಬ ಒಂದೇ ಭಾಗದಲ್ಲಿ ಇಟ್ಟಿದ್ದಾನೆ. ಗೋಕಾಕದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಹಣ್ಣು, ಕಾಯಿ, ಗೊಂಬೆ ಮಾಡಿ ಬಣ್ಣ ತೊಡಿಸುವುದನ್ನು ನಾವು ಕಲೆ ಎಂದು ಹೆಮ್ಮೆಪಡುತ್ತೇವೆ. ಅದೇ ಊರಿನ ಸಂತೆಯ ಅಂಚಿನಲ್ಲಿ ಕುಳಿತು ತೊಗಲಿನ ಮೇಲೆ ಹಚ್ಚೆ ಬರೆಯುತ್ತಿದ್ದವಳನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ.

ಗ್ರಂಥ ಬಿಟ್ಟು ನಮ್ಮ ಸೀಮೆಗೆ ಬಂದರೆ, ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ಎಂದೊಡನೆ ನೆನಪಾಗುವುದು ದುರದುಂಡೀಶ್ವರ ಮಠ, ಮಠದೊಡನೆ ವಿಭೂತಿ. ಹಣೆಗೆ, ತೋಳಿಗೆ, ಎದೆಗೆ ಮೂರು ಬೆರಳಿನಿಂದ ಎಳೆಯುವ ಆ ಗೆರೆಗಳನ್ನು ಅಲಂಕಾರ ಎಂದು ಕರೆದರೆ ಭಕ್ತರಿಗೆ ನೋವಾಗುತ್ತದೆ, ಆ ನೋವು ಸರಿಯಾದದ್ದೇ. ವಿಭೂತಿ ಅಷ್ಟಾವರಣಗಳಲ್ಲೊಂದು, ಅದು ಆಚಾರ. ಆದರೂ ಇಲ್ಲಿ ಒಂದು ಮಾತಿದೆ. ತನ್ನ ಮೈ ಬರೀ ಮಾಂಸವಲ್ಲ, ಅದರ ಮೇಲೆ ಅರ್ಥ ಬರೆಯಬಹುದು ಎಂಬ ನಂಬಿಕೆಯನ್ನು ಈ ಸೀಮೆಯ ಜನ ದಿನಾ ಬೆಳಗ್ಗೆ ಸ್ನಾನದ ನಂತರ ಕೈಯಾರೆ ಆಚರಿಸಿದ್ದಾರೆ, ಮತ್ತೊಬ್ಬರ ಕೈ ಕಾಯದೆ. ಭಂಡಾರದ ಸಂಗತಿ ಇನ್ನೊಂದು ಬಗೆ. ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲಿ, ಗಡಿಯಾಚೆ ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರ ಜಾತ್ರೆಯಲ್ಲಿ, ಗೋಕಾಕದ ಲಕ್ಷ್ಮೀದೇವಿಯ ಜಾತ್ರೆಯಲ್ಲಿ ಭಂಡಾರವೆಂಬ ಅರಿಸಿನ ಪುಡಿ ಗಾಳಿಗೆ ಹಾರುತ್ತಿದ್ದಂತೆ ಗೌಡನ ಮೈ, ಕೂಲಿಯ ಮೈ, ಪೊಲೀಸನ ಟೊಪ್ಪಿಗೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಬಣ್ಣ ಬಳಿದುಕೊಂಡವರು ಬೇರೆ, ನೋಡಿದವರು ಬೇರೆ. ಭಂಡಾರದಲ್ಲಿ ನೋಡುವವನೆಂಬ ಪ್ರಾಣಿಯೇ ಇಲ್ಲ. ಪ್ರೇಕ್ಷಕರನ್ನೂ ಕೃತಿಯೊಳಕ್ಕೆ ಎಳೆಯಬೇಕೆಂದು ಇಂದಿನ ಕಲಾವಿದರು ಹಂಬಲಿಸುತ್ತಾರಲ್ಲ, ಈ ಜಾತ್ರೆಗಳಲ್ಲಿ ಅದು ಪ್ರತಿಸಲ ಸಲೀಸಾಗಿ ಆಗುತ್ತದೆ.

ರಂಗದ ಬಣ್ಣವನ್ನು ಬೇಗ ನೋಡಿ ಮುಂದೆ ಹೋಗೋಣ. ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಕಟ್ಟಿ ಬೆಳೆಸಿದ ಕುಲಗೋಡ ತಮ್ಮಣ್ಣ ಈ ಸೀಮೆಯವನು, ಆ ಆಟದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಈ ಸೀಮೆಯವಳು. ಕನ್ನಡದ ಇಂಥ ಬಯಲಾಟಗಳಲ್ಲಿ ಹಿಂದೆ ಹೊಂಬಣ್ಣಕ್ಕೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ದೀಪದ ಕಾಡಿಗೆ ಬಳಕೆಯಲ್ಲಿದ್ದವು. ಅರದಾಳ ಎಂದರೆ ಆರ್ಸೆನಿಕ್ ಇರುವ ಖನಿಜ, ಇಂಗಳೀಕದಲ್ಲಿ ಪಾದರಸವಿದೆ. ಕಲಾವಿದರು ಮೈಮೇಲೆ ವಿಷ ಹೊತ್ತುಕೊಂಡೇ ದೇವರ ಪಾತ್ರ ಮಾಡಿದರು. ಇನ್ನು ಮೊಹರಂ ಹಬ್ಬಕ್ಕೆ ಹರಕೆ ಹೊತ್ತು ಮೈತುಂಬ ಪಟ್ಟೆ ಬರೆಸಿಕೊಂಡು ಹುಲಿಯಾಗುವ ರೂಢಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿದೆ. ಕರಾವಳಿಯಲ್ಲಿ ಅದೇ ಹುಲಿ ದಸರೆಗೆ, ಕೃಷ್ಣಾಷ್ಟಮಿಗೆ ಕುಣಿಯುತ್ತದೆ.

ಈ ಚರಿತ್ರೆಯ ಜೀವಾಳ ಹಚ್ಚೆ. ನಮ್ಮ ಕಡೆ ಹಣೆಯ ಮೇಲಿನ ಹಚ್ಚೆಗೆ ಹಣಚಿಬೊಟ್ಟು ಎನ್ನುತ್ತಾರೆ. ಎರಡು ಮೂರು ಸೂಜಿಗಳನ್ನು ದಾರದಿಂದ ಬಿಗಿದು ಕಟ್ಟುವುದು, ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಅರೆಯುವುದು, ಎಡಗೈ ಹೆಬ್ಬೆರಳಿನಿಂದ ತೊಗಲನ್ನು ಎಳೆದು ಹಿಡಿದು ಚುಕ್ಕಿ ಚುಕ್ಕಿಯಾಗಿ ಚುಚ್ಚುವುದು, ಒಸರಿದ ರಕ್ತ ಒರೆಸಿ ಅರಿಸಿನ ಮೆತ್ತುವುದು. ಹಕ್ಕಳೆ ಉದುರಿದ ಮೇಲೆ ಹಸಿರು ಮೂಡುತ್ತದೆ. ತೊಟ್ಟಿಲು, ಚೇಳು, ನವಿಲು, ಸೀತೆಯ ಸೆರಗು, ತುಳಸಿಕಟ್ಟೆ ಇವೆಲ್ಲ ಆ ಕೈಗಳ ವರಸೆಗಳು. ಕಾಗದದ ಮೇಲೆ ಗೆರೆ ತಪ್ಪಿದರೆ ಅಳಿಸಬಹುದು. ನಡುಗುವ ಮೊಣಕೈಯ ಮೇಲೆ, ಅಳುವ ಹುಡುಗಿಯ ಹಣೆಯ ಮೇಲೆ ತಪ್ಪುವಂತೆಯೇ ಇಲ್ಲ. ನೋವು ಮರೆಸಲು ಹಾಡು ಬೇರೆ ಹೇಳಬೇಕು. ಈ ಕೆಲಸ ಮಾಡಿದವರು ಹೆಚ್ಚಾಗಿ ಕೊರವ ಸಮುದಾಯದ ಹೆಣ್ಣುಮಕ್ಕಳು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ 1909ರಲ್ಲಿ ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಇವರ ಕಸುಬನ್ನು ದಾಖಲಿಸಿದ್ದಾನೆ. 1871ರಲ್ಲಿ ಆರಂಭವಾಗಿ ಆ ಕಾಲದಲ್ಲೂ ಮುಂದುವರಿದ ಕಾಯ್ದೆಯೊಂದು ಇಂಥ ಅಲೆಮಾರಿ ಸಮುದಾಯಗಳಿಗೆ ಹುಟ್ಟು ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟುತ್ತಿತ್ತು. ಮುಂಬಯಿ ಸರಕಾರ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ, ನಮ್ಮ ಗೋಕಾಕ ಫಾಲ್ಸ್‌ನಲ್ಲಿಯೂ ಸೆಟ್ಲಮೆಂಟುಗಳನ್ನು ಮಾಡಿ, ಅಂಥ ಕುಟುಂಬಗಳನ್ನು ಹಾಜರಿಯ ಕಟ್ಟುಪಾಡಿನಲ್ಲಿ ಇಟ್ಟಿತು. ಆ ಕಾಯ್ದೆ ದೇಶದಾದ್ಯಂತ ರದ್ದಾದದ್ದು 1952ರಲ್ಲಿ. ಊರೂರು ತಿರುಗದೆ ಹಚ್ಚೆಯ ಕಸುಬು ಇಲ್ಲ. ತಿರುಗಾಟವನ್ನೇ ಅಪರಾಧ ಮಾಡಿದ ಮೇಲೆ ಕಲಾವಿದೆಯ ಹೆಸರು ಉಳಿಯುವುದಾದರೂ ಹೇಗೆ? ಪೊಲೀಸರ ಪಟ್ಟಿಯಲ್ಲಿ ಉಳಿಯಿತು, ಕಲೆಯ ಪಟ್ಟಿಗೆ ಬರಲಿಲ್ಲ.

ಮೈಮೇಲಿನ ಈ ಬರಹವೆಲ್ಲ ಆಚರಣೆ, ಇದನ್ನು ಕಲೆ ಎನ್ನಬಾರದು ಎಂಬ ಆಕ್ಷೇಪವಿದೆ. ಬೇಲೂರಿನ ಮದನಿಕೆಯರೂ ದೇವಾಲಯದ ಭಾಗವೇ ಆಗಿದ್ದಾರೆ, ಅವರನ್ನು ಕಲೆಯಿಂದ ಹೊರಗೆ ಹಾಕುವವರಿಲ್ಲ. ಆಚರಣೆ ಕಲೆಗೆ ಸಂದರ್ಭ ಕೊಡುತ್ತದೆ, ಕಲೆಯೆಂಬ ಮರ್ಯಾದೆಯನ್ನು ಕಸಿದುಕೊಳ್ಳುವುದಿಲ್ಲ. ಉಳಿಯದ ಕೃತಿಗೆ ಬೆಲೆಯೆಲ್ಲಿ ಎಂದು ಕೇಳುವವರೂ ಇದ್ದಾರೆ. ಬೆಳಗಿನ ರಂಗೋಲಿಯನ್ನು ಬಲ್ಲ ನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಹಚ್ಚೆಯ ಸ್ಥಿರತೆಯೂ ನಾವು ತಿಳಿದಷ್ಟು ಸರಳವಲ್ಲ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ತೊಗಲಿನೊಳಗಿನ ರಕ್ಷಕ ಜೀವಕೋಶಗಳು ಮಸಿಯನ್ನು ನುಂಗಿ ಹಿಡಿದಿರುತ್ತವೆ. ಅವು ಸತ್ತಾಗ ಮಸಿ ಹೊರಬೀಳುತ್ತದೆ, ಹೊಸ ಕೋಶಗಳು ಅದನ್ನು ಮತ್ತೆ ನುಂಗುತ್ತವೆ. ಜೀವಂತ ಮೈ ಆ ಚಿತ್ರವನ್ನು ದಿನವೂ ಕಾಪಾಡಿಕೊಂಡು ಬರುತ್ತದೆ. ಯಾವ ಗ್ಯಾಲರಿಯ ಗೋಡೆಯೂ ಇಷ್ಟು ಮಾಡಲಾರದು.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಭಾರವಾದದ್ದು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಚ್ಚೆ ಹೆಣ್ಣಿನ ಮೇಲೆ ಹೇರಿದ ಗುರುತಲ್ಲವೇ? ಹೌದು, ಬಹಳ ಸಲ ಹಾಗೆಯೇ. ಆಡುವ ವಯಸ್ಸಿನ ಹುಡುಗಿಯನ್ನು ಇಬ್ಬರು ಹಿಡಿದು ಕೂರಿಸಿ ಚುಚ್ಚಿಸಿದ್ದಕ್ಕೆ ಆಯ್ಕೆ ಎನ್ನಲಾಗದು. ಮೈಯ ಮೇಲಿನ ಸಂಪ್ರದಾಯವೆಲ್ಲ ಚೆಂದ ಎಂದು ಹೊಗಳುವವರು ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯನ್ನು ನೆನೆಯಬೇಕು. ಅಲ್ಲಿ ಬೇವಿನುಡುಗೆಯ, ಬೆತ್ತಲೆ ಸೇವೆಯ ಹೆಸರಿನಲ್ಲಿ ಬಡವರ ಮೈಯನ್ನು ದೇವರ ಮುಂದೆ ತಂದು ನಿಲ್ಲಿಸುತ್ತಿದ್ದರು. ಈ ಸೇವೆಯ ಸುತ್ತ 1986ರಲ್ಲಿ ನಡೆದ ಗಲಭೆಯ ನಂತರ ಸರಕಾರ ಅದನ್ನು ನಿಷೇಧಿಸಿತು; ನಿಷೇಧಿಸಿದ್ದು ನ್ಯಾಯವೇ. ಆದರೆ ಇದೇ ನಾಡಿನ ಹೆಂಗಸರು ಸತ್ತ ಮೇಲೆ ಜೊತೆಗೆ ಬರುವುದು ಹಚ್ಚೆಯೊಂದೇ ಎಂದು ನಂಬಿದ್ದರು. ಬಂಗಾರವನ್ನು ಗಂಡ ಒತ್ತೆ ಇಡಬಹುದು, ಮಾರಬಹುದು. ತೋಳಿನ ಮೇಲಿನ ನವಿಲನ್ನು ಯಾರೂ ಕಸಿಯಲಾರರು. ಹೇರಿದ ಗುರುತನ್ನೂ ತನ್ನ ಆಸ್ತಿ ಮಾಡಿಕೊಂಡ ಆ ಛಲವನ್ನು ಲೆಕ್ಕಕ್ಕೆ ಹಿಡಿಯದೆ ಬರೀ ದಬ್ಬಾಳಿಕೆ ಎಂದು ಮುಗಿಸಿದರೆ ಆ ಹೆಣ್ಣುಮಕ್ಕಳಿಗೆ ಎರಡನೆಯ ಸಲ ಅನ್ಯಾಯವಾಗುತ್ತದೆ.

ಹಾಗಾದರೆ ಸಮಕಾಲೀನ ಎಂಬುದು ಎಲ್ಲಿದೆ? ಸಲಕರಣೆಯಲ್ಲಿಲ್ಲ. ವಿದ್ಯುತ್ ಸೂಜಿಗೆ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ 1891ರಲ್ಲೇ ಪೇಟೆಂಟ್ ಪಡೆದಿದ್ದ. ಹೊಸತನವಿರುವುದು ನಿರ್ಧಾರದಲ್ಲಿ. ಬೆಂಗಳೂರಿನ ಎನ್. ಪುಷ್ಪಮಾಲಾ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ಮಾಡಿದ ದಕ್ಷಿಣ ಭಾರತದ ಸ್ತ್ರೀಯರ ಛಾಯಾಚಿತ್ರ ಸರಣಿಯನ್ನು ನೋಡಿ. ದೇವಿ, ಸಿನಿಮಾ ನಾಯಕಿ, ಬ್ರಿಟಿಷರು ಅಳತೆಪಟ್ಟಿಯ ಮುಂದೆ ನಿಲ್ಲಿಸಿ ಚಿತ್ರ ತೆಗೆದ ಬುಡಕಟ್ಟಿನ ಹೆಣ್ಣು, ಎಲ್ಲ ವೇಷಗಳನ್ನೂ ಆಕೆ ತಮ್ಮ ಮೈಮೇಲೆ ತಾವೇ ಹಾಕಿಕೊಂಡರು. ಮೈ ಅವರದು, ತೀರ್ಮಾನ ಅವರದು, ಸಹಿಯೂ ಅವರದು. ಕ್ಲೈನನ ಕೃತಿಗಳಿಗೆ ಸಹಿ ಇತ್ತು, ಆದರೆ ಬಣ್ಣ ಹೊತ್ತ ಹೆಣ್ಣುಮಕ್ಕಳದಲ್ಲ. ಈ ಅಳತೆಗೋಲಿನಿಂದ ನೋಡಿದರೆ, ಇಂದು ಸಂಕೇಶ್ವರದಲ್ಲೋ ಬೆಳಗಾವಿಯಲ್ಲೋ ಅಂಗಡಿಗೆ ಹೋಗಿ ತಾಯಿಯ ಹೆಸರನ್ನು ಮುಂಗೈಗೆ ಬರೆಸಿಕೊಳ್ಳುವ ಹುಡುಗಿ ಸಮಕಾಲೀನ ಕಲೆಯ ಒಳಗೇ ಇದ್ದಾಳೆ.

ಹಣಚಿಬೊಟ್ಟಿನ ಕೊನೆಯ ತಲೆಮಾರು ಈಗ ಬಹಳ ವಯಸ್ಸಾದ ಅಜ್ಜಿಯರದು, ಆ ಚಿತ್ರಗಳು ಅವರೊಡನೆಯೇ ಹೋಗುತ್ತವೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಅಲ್ಲಿಯ ಸಂಶೋಧಕರು ನಮ್ಮ ಮೂರು ತಾಲ್ಲೂಕಿಗೂ ಬರಲಿ. ಅಲ್ಲಿಯವರೆಗೆ ನಿಮ್ಮ ಮನೆಯ ಅಜ್ಜಿ ಒಪ್ಪಿದರೆ ಅವರ ಕೈಮೇಲಿನ ಚಿತ್ರವನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಯಾವ ಊರಿನ ಯಾರು ಹಾಕಿದ್ದು ಎಂದು ಕೇಳಿ, ಹೇಳಿದ ಹೆಸರನ್ನು ಚಿತ್ರದ ಕೆಳಗೆ ಬರೆದಿಡಿ.