ತುರಿಕೆ ಎಂದು ತಳ್ಳಿಹಾಕಬೇಡಿ: ಅಧ್ಯಕ್ಷ ಭಾಷಣ



ಬಸುರಿಗೆ ಮೈ ತುರಿಸಿದರೆ ನಮ್ಮ ಮನೆಗಳಲ್ಲಿ ಉತ್ತರ ಸಿದ್ಧವಾಗಿರುತ್ತದೆ: "ಉಷ್ಣ ಆಗಿದೆ, ಕೊಬ್ಬರಿ ಎಣ್ಣೆ ಹಚ್ಚು." ಹೊಟ್ಟೆ ದೊಡ್ಡದಾಗುವಾಗ ಚರ್ಮ ತುರಿಸುವುದು ಸಹಜವೇ. ಆದರೆ ಏಳು ತಿಂಗಳು ತುಂಬಿದ ಮೇಲೆ ಅಂಗೈ ಅಂಗಾಲು ತುರಿಸತೊಡಗಿ, ರಾತ್ರಿಯಾದಂತೆ ಹೆಚ್ಚಾಗಿ, ಮೈಮೇಲೆ ಒಂದು ಗುಳ್ಳೆಯೂ ಕಾಣದಿದ್ದರೆ ಅದು ಲಿವರಿನ ತೊಂದರೆ ಇರಬಹುದು. ವೈದ್ಯರು ಇದನ್ನು ಐಸಿಪಿ ಎನ್ನುತ್ತಾರೆ. ಪಿತ್ತರಸ ಸರಾಗವಾಗಿ ಹರಿಯದೆ ಅದರ ಆಮ್ಲಗಳು, ಅಂದರೆ ಬೈಲ್ ಆ್ಯಸಿಡ್, ರಕ್ತ ಸೇರುತ್ತವೆ. ಹೆರಿಗೆಯ ನಂತರ ತಾಯಿಗೆ ಗುಣವಾಗುತ್ತದೆ. ಆತಂಕವಿರುವುದು ಹೊಟ್ಟೆಯಲ್ಲಿರುವ ಕೂಸಿಗೆ.

ಬ್ರಿಟನ್ನಿನಲ್ಲಿ ಸುಮಾರು 140 ಬಸುರಿಯರಲ್ಲಿ ಒಬ್ಬರಿಗೆ ಇದು ಬರುತ್ತದೆ. ಅಲ್ಲಿನ ಭಾರತ, ಪಾಕಿಸ್ತಾನ ಮೂಲದ ಹೆಂಗಸರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಅಂದಮೇಲೆ ಇದು ಯಾರದೋ ದೂರದ ಕಾಯಿಲೆಯಲ್ಲ.

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ನಮ್ಮ ಪುಣೆಯ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿವೆ. ಅಲ್ಲೊಬ್ಬ ಹೆಣ್ಣುಮಗಳು ನಡುರಾತ್ರಿ ಎದ್ದು ಕೂತು ಅಂಗಾಲನ್ನು ಗೋಣಿಚೀಲಕ್ಕೆ ತಿಕ್ಕುತ್ತಾಳೆ. "ಅಂಗಾಲ ಕಡೀತಾವ್ರೀ, ನಿದ್ದಿ ಹತ್ತವಲ್ದು" ಅನ್ನುತ್ತಾಳೆ. ಮರುದಿನ ದವಾಖಾನೆಯ ಸಾಲಿನಲ್ಲಿ ನಿಂತು, ಬಾರದ ಮರಾಠಿಯಲ್ಲಿ ತುರಿಕೆ ಎಂದಷ್ಟೇ ಹೇಳುತ್ತಾಳೆ. ಎಲ್ಲಿ, ಯಾವ ಹೊತ್ತಿನಲ್ಲಿ, ಎಂದಿನಿಂದ ಎಂಬುದೆಲ್ಲ ಅವಳಲ್ಲೇ ಉಳಿಯುತ್ತದೆ. ಮುಲಾಮಿನ ಟ್ಯೂಬು ಹಿಡಿದು ವಾಪಸು ಬರುತ್ತಾಳೆ.

ಸ್ವಯಂಸೇವಕರಾದ ನಮ್ಮ ಕೆಲಸ ಇಲ್ಲಿಂದ ಶುರು. ಅವಳ ಜೊತೆ ಒಳಗೆ ಹೋಗಿ, ಅವಳ ಮಾತನ್ನು ಪೂರ್ತಿಯಾಗಿ ವೈದ್ಯರಿಗೆ ಮುಟ್ಟಿಸಬೇಕು. ಲಿವರ್ ಪರೀಕ್ಷೆ, ಬೈಲ್ ಆ್ಯಸಿಡ್ ಪರೀಕ್ಷೆ ಬೇಕೇ ಎಂದು ಕೇಳಬೇಕು. ಮೊದಲ ವರದಿ ಸರಿಯಿದ್ದರೂ ತುರಿಕೆ ನಿಲ್ಲದಿದ್ದರೆ ಮತ್ತೆ ಕರೆದೊಯ್ಯಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಅಗತ್ಯ ತಪಾಸಣೆ ಉಚಿತ. ಪ್ರತಿ ತಿಂಗಳ 9ರಂದು ವಿಶೇಷ ತಪಾಸಣೆಯೂ ಉಂಟು. ಬೈಲ್ ಆ್ಯಸಿಡ್ ಪರೀಕ್ಷೆ ಮಾತ್ರ ಎಲ್ಲ ಕಡೆ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆ, ಎಷ್ಟು ಖರ್ಚು ಎಂದು ವಿಚಾರಿಸಿಡುವುದು ನಮ್ಮ ಹೊಣೆ.

ಆದರೆ ಯಾರನ್ನೂ ಹೆದರಿಸಬೇಡಿ, ಇದು ನನ್ನ ಕಳಕಳಿಯ ವಿನಂತಿ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಒಂದೇ ಮಗುವಿರುವ ಬಸಿರಿನಲ್ಲಿ ಕೂಸು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಎದ್ದು ಕಾಣುವಷ್ಟು ಏರುವುದು ಬೈಲ್ ಆ್ಯಸಿಡ್ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದಾಗ. ಆಗಲೂ ನೂರಕ್ಕೆ ಮೂರು ನಾಲ್ಕು. ಬಹಳಷ್ಟು ತಾಯಂದಿರ ಪ್ರಮಾಣ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಯಾವ ಔಷಧ, ಎಷ್ಟನೇ ವಾರಕ್ಕೆ ಹೆರಿಗೆ ಎಂಬುದು ವೈದ್ಯರಿಗೆ ಬಿಟ್ಟದ್ದು. ಅದರಲ್ಲಿ ನಾವು ಬಾಯಿ ಹಾಕಬಾರದು. ಕೂಸಿನ ಮಿಸುಕಾಟ ಕಡಿಮೆಯಾಯಿತೆಂದು ತಾಯಿ ಹೇಳಿದರೆ ಮಾತ್ರ ವರದಿಗಾಗಿ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬ್ರಿಟನ್ನಿನ 'ಐಸಿಪಿ ಸಪೋರ್ಟ್' ಸಂಸ್ಥೆಯನ್ನು ಕಟ್ಟಿದವರು ಈ ನೋವನ್ನು ತಾವೇ ಉಂಡ ಜೆನ್ನಿ ಚೇಂಬರ್ಸ್. ಉಂಡವರು ಹೇಳಿದರೆ ಹೊಸಬರಿಗೆ ಧೈರ್ಯ ಬರುತ್ತದೆ. ಈ ಸಭೆಯಲ್ಲೂ ಅಂಥ ತಾಯಂದಿರಿದ್ದೀರಿ. ಮನಸ್ಸಿದ್ದರೆ ದಯವಿಟ್ಟು ಮುಂದೆ ಬನ್ನಿ. ಕೂಸನ್ನು ಕಳೆದುಕೊಂಡವರ ಮನೆಗೆ ಹೋದಾಗ "ಇನ್ನೊಂದು ಆಗುತ್ತೆ ಬಿಡವ್ವಾ" ಎಂದು ಯಾರೂ ಅನ್ನಬೇಡಿ. ಆ ಕೂಸಿನ ಬಗ್ಗೆ ಅವಳು ಮಾತಾಡಲಿ, ಕೂತು ಕೇಳಿ.

ಕೊನೆಯದಾಗಿ ಒಂದು ಕೆಲಸದ ಮಾತು. ನಮ್ಮ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಪುಣೆಯಲ್ಲಿ ಮಾಡಿಸಿದ ವರದಿ ಇಲ್ಲೇ ಶೆಡ್ಡಿನಲ್ಲಿ ಉಳಿದರೆ ಅಲ್ಲಿನ ವೈದ್ಯರಿಗೆ ಏನೂ ತಿಳಿಯದು. ಒಮ್ಮೆ ಐಸಿಪಿ ಬಂದವರಿಗೆ ಮುಂದಿನ ಬಸಿರಿನಲ್ಲೂ ಇದು ಮರುಕಳಿಸುವುದೇ ಹೆಚ್ಚು. ಅದಕ್ಕೇ ರೈಲು ಹತ್ತುವ ಮುಂಚೆ ವರದಿಗಳ ಪ್ರತಿಯನ್ನು ತಾಯಿ ಕಾರ್ಡಿನ ಜೊತೆಗಿಟ್ಟು ಅವಳ ಕೈಗೆ ಕೊಡಿ, ಒಂದು ಫೋಟೊ ಅವಳ ಗಂಡನ ಮೊಬೈಲಿನಲ್ಲೂ ಇರಲಿ.